ಮಾವನ ಹೆಸರಿನ ಹಕ್ಕಿ

ಎಲ್ಲದಕ್ಕೂ ಕಾರಣ ನಾನು ಕೊಡದ ಗ್ಲೌಸು ಎಂದು ನಮ್ಮ ಲ್ಯಾಬಿನಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಪ್ಪತ್ತೆರಡು ವರ್ಷದಿಂದ ಸ್ಟೋರ್‌ಕೀಪರ್ ಆಗಿದ್ದೇನೆ, ಬೆನ್ನ ಹಿಂದೆ ಬೈಸಿಕೊಳ್ಳುವುದು ಈ ಕೆಲಸದ ಒಂದು ಭಾಗ. ಆದರೆ ಒಂದು ಜೀವ ಹೋಗಿದೆ. ಅದಕ್ಕೆ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ತಪ್ಪಿನಲ್ಲಿ ನನ್ನ ಪಾಲೆಷ್ಟು, ಆಯ್ತಪ್ಪನ ಪಾಲೆಷ್ಟು ಅನ್ನುವುದನ್ನು ಆಮೇಲೆ ನೀವೇ ಹಂಚಿ.

ಆಯ್ತಪ್ಪ ಅನ್ನುವುದು ಅವನ ತಂದೆತಾಯಿ ಇಟ್ಟ ಹೆಸರಲ್ಲ, ಲ್ಯಾಬಿನವರು ಇಟ್ಟದ್ದು. ಯಾರು ಏನು ಹೇಳಿದರೂ ಅವನು "ಆಯ್ತು" ಅನ್ನುತ್ತಾನೆ. ಒಮ್ಮೆ ಕ್ಷೌರದವನು ಸುಮ್ಮನೆ ಮಾತಿಗೆ "ಮೀಸೆ ತೆಗೆದುಬಿಡ್ಲಾ ಸಾರ್?" ಎಂದು ಕೇಳಿದ್ದ. ಇವನು "ಆಯ್ತು" ಅಂದ. ಮೀಸೆ ಮತ್ತೆ ಬರುವವರೆಗೆ ವಾಚ್‌ಮನ್ ಅವನನ್ನು ದಿನಾ ಗೇಟಿನಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದ, ಇವನು ದಿನಾ ತೋರಿಸುತ್ತಿದ್ದ.

ನಮ್ಮದು ಸತ್ತ ಕಾಡುಹಕ್ಕಿಗಳ ಲ್ಯಾಬು. ಕೆರೆ, ಕಾಡು, ಬಯಲು ಎಲ್ಲೇ ಹಕ್ಕಿಗಳು ಗುಂಪಾಗಿ ಸತ್ತರೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಮ್ಮಲ್ಲಿಗೆ ಕಳಿಸುತ್ತಾರೆ. ಆಯ್ತಪ್ಪ ಅಲ್ಲಿ ಟೆಕ್ನಿಷಿಯನ್. ಹತ್ತಿ ಸುತ್ತಿದ ಕಡ್ಡಿಯನ್ನು ಹಕ್ಕಿಯ ಗಂಟಲಿಗೆ ತೂರಿಸಿ, ಹೊರಗೆ ತೆಗೆದು, ಅಂಗೈಯಗಲದ ತಟ್ಟೆಯ ಮೇಲೆ ಗೆರೆ ಎಳೆಯುವುದು ಅವನ ಕೆಲಸ. ತಟ್ಟೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಹೆಪ್ಪುಗಟ್ಟಿರುತ್ತದೆ. ಒಂದು ದಿನ ಬೆಚ್ಚಗಿಟ್ಟರೆ ಗೆರೆಯ ಉದ್ದಕ್ಕೂ ಚುಕ್ಕಿ ಚುಕ್ಕಿಯಾಗಿ ಏಳುತ್ತದೆ, ಒಂದೊಂದು ಚುಕ್ಕಿಯೂ ಕೋಟಿ ಜೀವ. ಆ ಚುಕ್ಕಿ ಯಾವ ಜಾತಿಯದು ಎಂದು ನಮ್ಮ ಡೈರೆಕ್ಟರ್ ಮೇಡಂ ಪತ್ತೆ ಮಾಡುತ್ತಾರೆ. ನಾನು ಗ್ಲೌಸು ಕೊಡುತ್ತೇನೆ. ಒಬ್ಬರಿಗೆ ಎರಡು ದಿನಕ್ಕೆ ಒಂದು ಜೊತೆ. ಒಂದು ಡಬ್ಬಿ ಖಾಲಿಯಾದರೆ ಇನ್ನೊಂದು ಬರಲು ಎಂಟು ತಿಂಗಳು ಬೇಕು, ಆಗ ಯಾರೂ ನನ್ನ ಜೊತೆ ನಿಲ್ಲುವುದಿಲ್ಲ.

ಆ ವರ್ಷ ಕೆರೆಯಲ್ಲಿ ನಲವತ್ತೊಂದು ಕಾಡುಬಾತುಗಳು ಸತ್ತು ಬಂದವು. ಮೂರು ಬಾತುಗಳ ತಟ್ಟೆಯಲ್ಲಿ ಯಾರೂ ನೋಡದ ಚುಕ್ಕಿ ಎದ್ದಿತು: ಕೆನೆ ಬಣ್ಣ, ದುಂಡಗೆ, ಹೊಳಪು, ಅಂಚು ನುಣುಪು. ಮೊದಲು ಕಣ್ಣಿಗೆ ಬಿದ್ದದ್ದು ಆಯ್ತಪ್ಪನಿಗೆ. ಮೇಡಂ ಬಣ್ಣ ಹಾಕಿ ನೋಡಿದರು, ಯಾವ ಯಾವ ಸಕ್ಕರೆ ತಿನ್ನುತ್ತದೆ ಎಂದು ನೋಡಿದರು, ಕೊನೆಗೆ ಅದರ ಜೀನನ್ನು ಓದಿಸಿ, ಜಗತ್ತಿನಲ್ಲಿ ಗೊತ್ತಿರುವ ಎಲ್ಲ ಬ್ಯಾಕ್ಟೀರಿಯಾಗಳ ಪಟ್ಟಿಯ ಜೊತೆ ಹೋಲಿಸಿದರು. ಯಾವುದಕ್ಕೂ ತಾಳೆಯಾಗಲಿಲ್ಲ. ಹೊಸ ಜಾತಿ. ಹತ್ತೊಂಬತ್ತು ವರ್ಷ ಇದಕ್ಕೇ ಕಾದಿದ್ದ ಮೇಡಂ ಅಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದರು.

"ಹೆಸರು ನೀನೇ ಹೇಳಪ್ಪ, ಮೊದಲು ನೋಡಿದ್ದು ನೀನು," ಎಂದರು ಅವನಿಗೆ. "ನಿನ್ನ ಹೆಸರು ಬೇಡ. ಕಂಡುಹಿಡಿದವರೇ ತಮ್ಮ ಹೆಸರು ಇಟ್ಕೊಳ್ಳೋದು ನಮ್ಮಲ್ಲಿ ಮರ್ಯಾದೆ ಅಲ್ಲ. ಗುರುಗಳದ್ದೋ ಹಿರಿಯರದ್ದೋ ಹೇಳು. ಕೊನೇಲಿ ಹಳೇ ಭಾಷೆಯ ಒಂದು ಬಾಲ ಅಂಟಿಸ್ತೀವಿ ಅಷ್ಟೇ."

"ಆಯ್ತು," ಅಂದ.

ಈಗ ಅವನ ಮನೆಗೆ ಬರೋಣ. ನಾನಿರುವುದು ಅದೇ ಕಟ್ಟಡದ ಮಹಡಿಯಲ್ಲಿ, ಆದ್ದರಿಂದ ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಕೆಳಗಿನ ಮನೆಯ ನಡುಕೋಣೆಯಲ್ಲಿ ಆಯ್ತಪ್ಪನ ಮಾವ ಎಂಟು ತಿಂಗಳಿಂದ ಮಲಗಿದ್ದರು. ಅವರು ಬೋರ್ಡ್ ಪೇಂಟರ್. ಐವತ್ತು ವರ್ಷ ಡಾಕ್ಟರು, ವಕೀಲರು, ಅಂಗಡಿಯವರು ಎಲ್ಲರ ಹೆಸರನ್ನೂ ಬರೆದವರು. ಅವರ ಮಗ ಸೋಫಾ ಅಂಗಡಿ ತೆರೆದಾಗ ಅಪ್ಪನ ಹೆಸರು ಇಡುತ್ತೇನೆ ಎಂದು ಮಾತು ಕೊಟ್ಟಿದ್ದ. ಅಂಗಡಿಯ ಜಾಗ ಅವನ ಹೆಂಡತಿಯ ತಂದೆಯದಾದ್ದರಿಂದ ಕೊನೆಗಳಿಗೆಯಲ್ಲಿ ಆ ತಂದೆಯ ಹೆಸರೇ ಇಟ್ಟ. ಬೋರ್ಡು ಬರೆಯಲು ಮಾತ್ರ ಸ್ವಂತ ಅಪ್ಪನನ್ನೇ ಕರೆದ. ಇವರು ಏಣಿ ಹತ್ತಿ, ಬೀಗರ ಹೆಸರಿನ ಕೊನೆಯ ಅಕ್ಷರ ಮುಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡೋಣವೆಂದು ಸರಿದರು. ಏಣಿಯ ಮೇಲಿದ್ದೇನೆ ಅನ್ನುವುದು ಮರೆತಿತ್ತು. ಸೊಂಟ ಮುರಿಯಿತು. ಮಗನ ಮನೆಯಲ್ಲಿ ಸೋಫಾಗಳೇ ತುಂಬಿದ್ದರಿಂದ ಮಂಚ ಅಳಿಯನ ಮನೆಗೆ ಬಂತು.

ಮಲಗಿ ಮಲಗಿ ಬೆನ್ನ ಕೆಳಗೆ ಹುಣ್ಣಾಗಿತ್ತು. ಡಾಕ್ಟರು ಮೂರು ಸಲ ಔಷಧಿ ಬದಲಾಯಿಸಿದರೂ ಒಣಗಲಿಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ತೊಳೆದು ಬಟ್ಟೆ ಕಟ್ಟುತ್ತಿದ್ದವನು ಆಯ್ತಪ್ಪ. ಮಗಳಿಗೆ ನೋಡಲು ಧೈರ್ಯವಿಲ್ಲ, ಮಗನಿಗೆ ಬಿಡುವಿಲ್ಲ. ಅಷ್ಟು ಮಾಡಿಸಿಕೊಂಡೂ ಮಾವ ಬಂದವರ ಮುಂದೆ, "ನಮ್ಮ ಅಳಿಯಂದ್ರು ಹಕ್ಕಿಗಳ ಬಾಯಿ ಒರೆಸ್ತಾರೆ. ಅದೂ ಸತ್ತ ಹಕ್ಕಿಗಳದ್ದು," ಎಂದು ಹೇಳಿ ಗೋಡೆಯ ಕಡೆ ತಿರುಗುತ್ತಿದ್ದರು.

ಆ ಭಾನುವಾರ ನಾನು ಪೇಪರು ಕೇಳಲು ಕೆಳಗೆ ಹೋದಾಗ ಸೋಫಾ ಭಾವಮೈದ ಬಂದು ಕೂತಿದ್ದ.

"ಅಪ್ಪ, ಬೋರ್ಡು ಎಷ್ಟು ಚೆನ್ನಾಗಿದೆ ಅಂತ ಎಲ್ರೂ ಹೊಗಳ್ತಾರೆ," ಅಂದ.

"ಯಾರ ಹೆಸರಿನ ಬೋರ್ಡಪ್ಪ ಅದು?" ಎಂದರು ಮಾವ.

ಮುದುಕರ ಕಣ್ಣು ತುಂಬಿಬಂತು. ಆಯ್ತಪ್ಪನಿಗೆ ಅದನ್ನು ನೋಡಲಾಗಲಿಲ್ಲ.

"ಮಾವ, ನಿಮ್ಮ ಹೆಸರೂ ಇಡ್ತಾರೆ," ಎಂದುಬಿಟ್ಟ. "ಪ್ರಪಂಚದಲ್ಲೇ ಯಾರಿಗೂ ಗೊತ್ತಿಲ್ಲದ್ದು ಸಿಕ್ಕಿದೆ. ಬಾತು ನೋಡ್ತಿದ್ದಾಗ ನನ್ನ ಕಣ್ಣಿಗೇ ಬಿತ್ತು. ಹೆಸರು ನೀನೇ ಹೇಳು ಅಂದಿದ್ದಾರೆ ಮೇಡಂ."

"ಹೊಸ ಹಕ್ಕಿ ಅಂತ ಬಿಡಿಸಿ ಹೇಳಬಾರ್ದಾ ಭಾವ," ಅಂದ ಭಾವಮೈದ.

ಅಲ್ಲ ಅನ್ನಬೇಕಾದ ಜಾಗ ಅದು. ಆಯ್ತಪ್ಪ ಹೆಂಡತಿಯ ಮುಖ ನೋಡಿದ, ಮಾವನ ಮುಖ ನೋಡಿದ. "ಆಯ್ತು," ಅಂದ.

ಮಾವ ಎಂಟು ತಿಂಗಳಲ್ಲಿ ಮೊದಲ ಬಾರಿಗೆ ತಾವಾಗಿ ತಲೆ ಎತ್ತಿದರು. "ಎಷ್ಟು ದೊಡ್ಡದು ಅಳಿಯಂದ್ರೇ?"

"ಚಿಕ್ಕದು ಮಾವ."

"ಗುಬ್ಬಚ್ಚಿಯಷ್ಟಾ?"

"ಅದಕ್ಕಿಂತ ಚಿಕ್ಕದು."

"ಬಣ್ಣ?"

"ಕೆನೆ ಬಣ್ಣ. ದುಂಡಗೆ. ಹೊಳಪಿದೆ," ಅಂದ. ಪಾಪ, ಗೊತ್ತಿದ್ದದ್ದನ್ನು ಹೇಳಿದ.

"ಎಲ್ಲಿರುತ್ತೆ?"

"ಬಾತುಗಳ ಹತ್ತಿರಾನೇ. ತುಂಬಾ ಹತ್ತಿರ."

"ಎಷ್ಟಿದಾವೆ?"

"ಲೆಕ್ಕ ಇಲ್ಲ ಮಾವ."

ನಾನು ಅಲ್ಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕಂಡವರ ಮನೆ ವಿಷಯ ನಮಗ್ಯಾಕೆ ಎಂದು ಪೇಪರು ತೆಗೆದುಕೊಂಡು ಮೇಲೆ ಹೋದೆ. ಇದನ್ನೂ ನನ್ನ ಪಾಲಿಗೆ ಸೇರಿಸಿಕೊಳ್ಳಿ.

ಮರುದಿನ ಆಯ್ತಪ್ಪ ಮೇಡಂಗೆ ಮಾವನ ಹೆಸರು ಹೇಳಿದ, ಮಾವ ಕ್ಷೌರ ಮಾಡಿಸಿಕೊಂಡರು. ಎರಡು ಸಲ ಊಟ ಕೇಳಿ ಬಡಿಸಿಕೊಂಡರು. ಕುಂಚ, ಬಣ್ಣ ತರಿಸಿ, ಒಂದೇ ಮಗ್ಗುಲಲ್ಲಿ ಮಲಗಿ ರಟ್ಟಿನ ಮೇಲೆ ಆ ಹಕ್ಕಿಯನ್ನು ಬರೆಯತೊಡಗಿದರು. ಎದುರುಮನೆ ಟೈಲರು, ಅವನ ಹೆಂಡತಿ, ಬೀದಿಯ ಮೂರು ನಾಲ್ಕು ಮನೆಯವರು ಹಣ್ಣು ಹಿಡಿದು ಬಂದು ಶುಭ ಕೋರಿದರು. ಭಾವಮೈದ ಅಂಗಡಿಯ ಮುಂದೆ "ನಮ್ಮ ತಂದೆಯ ಹೆಸರಿನಲ್ಲಿ ಹಕ್ಕಿ" ಎಂದು ಬ್ಯಾನರು ಕಟ್ಟಿಸಿದ. ನಾಲ್ಕನೆಯ ದಿನ ಚಿತ್ರ ಮುಗಿಯಿತು. ಕೆನೆ ಬಣ್ಣದ, ದುಂಡನೆಯ, ಹೊಳೆಯುವ ಹಕ್ಕಿ. ಕೆಳಗೆ ಅವರ ಹೆಸರು ಎಷ್ಟು ಅಂದವಾಗಿತ್ತೆಂದರೆ ನಾನು ಒಂದು ನಿಮಿಷ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದೆ.

"ಸ್ವಲ್ಪ ಮೊಟ್ಟೆ ಥರ ಇದೆ," ಅಂದ ಟೈಲರು.

"ನೋಡಿದವರು ಹೇಳಿದ ಹಾಗೆ ಬರೆದಿದೀನಿ," ಎಂದರು ಮಾವ.

ಐದನೆಯ ದಿನ ಪೇಪರಿನ ಒಳಪುಟದಲ್ಲಿ ಬೆರಳುದ್ದದ ಸುದ್ದಿ ಬಂತು: ಸತ್ತ ಬಾತುಗಳ ಗಂಟಲಲ್ಲಿ ಹೊಸ ಬ್ಯಾಕ್ಟೀರಿಯಾ, ಲ್ಯಾಬ್ ಸಿಬ್ಬಂದಿಯ ಮಾವನ ಹೆಸರು. ಟೈಲರು ಅದನ್ನು ಬೀದಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. ಹಣ್ಣು ಕೊಟ್ಟ ಮನೆಗಳ ಕಿಟಕಿ ಒಂದೊಂದಾಗಿ ಮುಚ್ಚಿಕೊಂಡವು. ಹಾಲಿನವನು ಪ್ಯಾಕೆಟ್ಟನ್ನು ಗೇಟಿನಾಚೆಯಿಂದಲೇ ಎಸೆದ. ಟೈಲರು ಆಯ್ತಪ್ಪನ ಹೊಲಿಯದ ಪ್ಯಾಂಟಿನ ಬಟ್ಟೆಯನ್ನು ಕೋಲಿನ ತುದಿಯಲ್ಲಿ ಹಿಡಿದು ತಂದು ಕಾಂಪೌಂಡಿನ ಮೇಲೆ ಹಾಕಿ ಹೋದ. ಭಾವಮೈದ ಬ್ಯಾನರು ಬಿಚ್ಚಿಸಿ ಫೋನು ಮಾಡಿದ.

"ಭಾವ, ಗಿರಾಕಿಗಳು ಸೋಫಾದ ಮೇಲೆ ಕೂರೋಕೂ ಹೆದರ್ತಿದ್ದಾರೆ. ಅಪ್ಪನ ಹೆಸರು ವಾಪಸ್ ತಗೊಂಡುಬಿಡಿ."

"ಆಯ್ತು," ಅಂದ ಆಯ್ತಪ್ಪ. ಒಳಗೆ ಮಾವನಿಗೆ ಇದಾವುದೂ ತಿಳಿಯದಂತೆ ಹೆಂಡತಿ ಬಾಗಿಲು ಹಾಕಿದ್ದಳು.

ಮಧ್ಯಾಹ್ನ ಹೆಲ್ತ್ ಇನ್ಸ್‌ಪೆಕ್ಟರು ಮೂಗು ಬಾಯಿ ಮುಚ್ಚಿಕೊಂಡು, ಔಷಧಿ ಸಿಂಪಡಿಸುವ ಇಬ್ಬರನ್ನು ಕರೆದುಕೊಂಡು ಬಂದರು.

"ರೋಗಿ ಹೆಸರೇನಮ್ಮ?" ಎಂದು ಬಾಗಿಲಲ್ಲೇ ನಿಂತು ಕೇಳಿದರು. ಆಯ್ತಪ್ಪನ ಹೆಂಡತಿ ತಂದೆಯ ಹೆಸರು ಹೇಳಿದಳು.

"ನಾನು ರೋಗದ ಹೆಸರು ಕೇಳ್ಲಿಲ್ಲ."

"ಅದೂ ಅದೇ ಸಾರ್."

"ಎರಡಕ್ಕೂ ಒಂದೇ ಹೆಸರಾದ್ರೆ ಯಾರಿಂದ ಯಾರಿಗೆ ಬಂತು ಅಂತ ನಾನು ಬರೆಯೋದು?"

ಇನ್ಸ್‌ಪೆಕ್ಟರು ಒಳಗೆ ಹೋಗಿ, ಮಾವನನ್ನು ಮಗ್ಗುಲು ತಿರುಗಿಸಿ, ಹುಣ್ಣಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿಕೊಂಡರು. ಯಾರೂ ಹೊರಗೆ ಬರಬಾರದು, ಯಾರೂ ಒಳಗೆ ಹೋಗಬಾರದು, ಲ್ಯಾಬಿನ ನೌಕರನಾದ ಆಯ್ತಪ್ಪ ಮಾತ್ರ ಲ್ಯಾಬಿಗೂ ಮನೆಗೂ ಓಡಾಡಬಹುದು ಎಂದು ಒಂದು ಕಾಗದವನ್ನು ಬಾಗಿಲಿಗೆ ಅಂಟಿಸಿದರು. ಅದರ ಮೇಲೆ ಮಾವನ ಹೆಸರು ದಪ್ಪಕ್ಷರದಲ್ಲಿತ್ತು. ಐವತ್ತು ವರ್ಷದಲ್ಲಿ ಅವರ ಹೆಸರು ಒಂದು ಬಾಗಿಲ ಮೇಲೆ ಬಂದದ್ದು ಅದೇ ಮೊದಲು. ಎಲ್ಲರೂ ಹೋದ ಮೇಲೆ ಆಯ್ತಪ್ಪ ಮಂಚದ ಪಕ್ಕ ಕೂತು, ಅದು ಹಕ್ಕಿಯಲ್ಲ ಎಂದು ಹೇಳಿದ. ಮಾವ ಕೇಳಿಸಿಕೊಂಡರು. ರಟ್ಟನ್ನು ಮಂಚದ ಕೆಳಗೆ ತಳ್ಳಿ ಗೋಡೆಯ ಕಡೆ ತಿರುಗಿದರು.

ಇನ್ಸ್‌ಪೆಕ್ಟರು ತೆಗೆದ ಮಾದರಿ ಎಲ್ಲಿಗೆ ಬಂತು ಅಂತೀರಿ? ನಮ್ಮ ಲ್ಯಾಬಿಗೇ. ಎರಡನೆಯ ದಿನ ತಟ್ಟೆಯ ತುಂಬಾ ಅದೇ ಕೆನೆ ಬಣ್ಣದ ಚುಕ್ಕಿಗಳು. ಬಾತಿನ ರೋಗ ಮನುಷ್ಯನಿಗೆ ದಾಟಿತು ಎಂದು ಲ್ಯಾಬು ಗಡಗಡ ನಡುಗಿತು. ಮೇಡಂ ಮಾತ್ರ ನಡುಗಲಿಲ್ಲ. ಶೀತಲಪೆಟ್ಟಿಗೆಯಲ್ಲಿದ್ದ ನಲವತ್ತೊಂದು ಬಾತುಗಳನ್ನೂ ಹೊರಗೆ ತೆಗೆಸಿ, ಹೊಸ ಗ್ಲೌಸು ಹಾಕಿಕೊಂಡು, ತಾವೇ ಮತ್ತೆ ಗಂಟಲು ಒರೆಸಿದರು. ಒಂದು ಬಾತಿನಲ್ಲೂ ಆ ಚುಕ್ಕಿ ಇರಲಿಲ್ಲ.

ಆಮೇಲೆ ನಮ್ಮಿಬ್ಬರನ್ನೂ ಕೋಣೆಗೆ ಕರೆದರು.

"ಮಾವನ ಹುಣ್ಣು ತೊಳೆಯೋದು ಯಾರು?"

"ನಾನೇ ಮೇಡಂ."

"ಗ್ಲೌಸ್ ಹಾಕ್ಕೊಂಡಾ?"

"ಹೌದು ಮೇಡಂ."

"ಮನೇಲಿ ಗ್ಲೌಸ್ ಎಲ್ಲಿಂದ ಬಂತು?"

ಆಯ್ತಪ್ಪ ನನ್ನ ಕಡೆ ನೋಡಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನು. "ಇಲ್ಲಿಂದಾನೇ ಮೇಡಂ. ಎರಡು ದಿನಕ್ಕೆ ಒಂದು ಜೊತೆ. ಬೆಳಗ್ಗೆ ಮಾವಂಗೆ ಕಟ್ಟಿ, ಸೋಪು ಹಾಕಿ ತೊಳೆದು, ಹಗ್ಗದ ಮೇಲೆ ಒಣಗಿಸಿ, ಅದನ್ನೇ ಹಾಕ್ಕೊಂಡು ಇಲ್ಲಿ ಕೆಲಸ ಮಾಡ್ತಿದ್ದೆ."

ಮೇಡಂ ನನ್ನ ಕಡೆ ತಿರುಗಿದರು. "ಸ್ಟೋರಲ್ಲಿ ಎಷ್ಟು ಡಬ್ಬಿ ಇದೆ?"

"ಮೂವತ್ತಾರು," ಅಂದೆ. ಇಪ್ಪತ್ತೆರಡು ವರ್ಷ ಹೆಮ್ಮೆಯಿಂದ ಹೇಳುತ್ತಿದ್ದ ಉತ್ತರ. ಅಂದು ಹೇಳಿ ನಾಚಿಕೆಯಾಯಿತು.

ಬಾತುಗಳು ಸತ್ತದ್ದು ಕಾರ್ಖಾನೆಯೊಂದು ಕೆರೆಗೆ ಬಿಟ್ಟ ನೀರು ಕುಡಿದು. ಅದನ್ನು ಮೇಡಂ ಬರೆದು ಕಳಿಸಿದರು, ಯಾವ ಪೇಪರಿನವರೂ ಹಾಕಲಿಲ್ಲ. ಬ್ಯಾಕ್ಟೀರಿಯಾ ಮಾತ್ರ ನಿಜಕ್ಕೂ ಹೊಸದೇ, ಆದರೆ ಬಾತಿನದಲ್ಲ. ಮಾವನದು, ಗ್ಲೌಸಿಗೆ ಅಂಟಿ ನಮ್ಮ ತಟ್ಟೆಗೆ ಬಂದದ್ದು. ಅವರ ಹುಣ್ಣಿನಲ್ಲಿ ತಿಂಗಳುಗಟ್ಟಲೆ ಕೂತು ಅವರನ್ನು ತಿನ್ನುತ್ತಿದ್ದದ್ದು ಅದೇ. ಯಾರಿಗೂ ಗೊತ್ತಿಲ್ಲದ ಜಾತಿಯಾದ್ದರಿಂದ ಡಾಕ್ಟರ ಯಾವ ಔಷಧಿಯೂ ನಾಟಿರಲಿಲ್ಲ. ಮೇಡಂ ತಟ್ಟೆಯ ಮೇಲೆ ಹನ್ನೆರಡು ಔಷಧಿಯ ಬಿಲ್ಲೆಗಳನ್ನಿಟ್ಟು ನೋಡಿದರು. ಹನ್ನೊಂದರ ಸುತ್ತ ಅದು ಹಾಯಾಗಿ ಬೆಳೆದಿತ್ತು. ಹನ್ನೆರಡನೆಯದರ ಸುತ್ತ ಒಂದು ರೂಪಾಯಿಯಗಲ ಜಾಗ ಖಾಲಿ.

"ಇದು ಕೊಡ್ಸಿ, ಇವತ್ತೇ," ಎಂದರು. "ತಡ ಆದ್ರೆ ರಕ್ತಕ್ಕೆ ಹೋಗುತ್ತೆ."

ಡಾಕ್ಟರಿಂದ ಚೀಟಿ ಬರೆಸಿ ಔಷಧಿ ತಂದೆವು, ನಾನು ಕಿಟಕಿಯ ಹೊರಗೇ ನಿಂತೆ. ಮಾವ ಬಾಯಿ ತೆರೆಯಲಿಲ್ಲ. ಚುಚ್ಚುಮದ್ದಿಗೆ ಕೈ ಕೊಡಲಿಲ್ಲ.

"ಇದು ತಗೊಂಡ್ರೆ ಅದು ಸಾಯುತ್ತಾ?" ಎಂದರು.

"ಸಾಯುತ್ತೆ ಮಾವ," ಅಂದ ಆಯ್ತಪ್ಪ ಸಂತೋಷದಿಂದ.

"ಹಾಗಾದ್ರೆ ಬೇಡ."

"ಅಯ್ಯೋ ಅಪ್ಪ, ಅದು ನಿಮ್ಮನ್ನೇ ತಿಂತಿದೆ," ಎಂದು ಮಗಳು ಅತ್ತಳು.

"ತಿನ್ನಲಿ. ಊರಲ್ಲಿ ನಾನು ಬರೆದ ಬೋರ್ಡೆಲ್ಲ ಕಿತ್ತು ಪ್ಲಾಸ್ಟಿಕ್ಕಿಂದು ಹಾಕ್ಕೊಂಡ್ರು. ಒಂದೂ ಉಳಿದಿಲ್ಲ. ಇರೋದು ಇದೊಂದು."

"ಅದು ಲ್ಯಾಬಲ್ಲಿ ಇದೆ ಮಾವ. ಫ್ರಿಜ್ಜಲ್ಲಿ. ಶೀಷೆ ಒಳಗೆ. ನೂರು ವರ್ಷ ಇರುತ್ತೆ."

ಮಾವ ಅವನನ್ನು ದಿಟ್ಟಿಸಿ ನೋಡಿದರು. "ಮೊದಲು ಹಕ್ಕಿ ಅಂದ್ರಿ," ಎಂದರು.

ಮರುದಿನವೂ ಅದೇ ಮಾತು, ಅದರ ಮರುದಿನವೂ ಅದೇ. ಮೇಡಂ ಫೋನಿನಲ್ಲಿ ಹೇಳಿದರು, ನಂಬಲಿಲ್ಲ. ಡಾಕ್ಟರು ಗದರಿದರು, ಮುಖಕ್ಕೆ ಹೊದಿಕೆ ಎಳೆದುಕೊಂಡರು. ಭಾವಮೈದ ಕಿಟಕಿಯ ಹೊರಗೆ ನಿಂತು, "ಅಪ್ಪ, ಅಂಗಡಿಗೆ ನಿಮ್ಮ ಹೆಸರೇ ಇಡ್ತೀನಿ, ಔಷಧಿ ತಗೊಳ್ಳಿ," ಅಂದ. "ನಿನ್ನ ಬೋರ್ಡು ನಾನೇ ಬರೆದಿದ್ದು ಕಣೋ. ಎಷ್ಟು ಗಟ್ಟಿ ಬಣ್ಣ ಅಂತ ನಂಗೊತ್ತು," ಎಂದರು. ಐದು ದಿನ ಹೋಯಿತು. ಜ್ವರ ಏರುತ್ತಾ ಬಂತು.

ಆರನೆಯ ದಿನ ನನಗೆ ತಡೆಯಲಾಗಲಿಲ್ಲ. ಸ್ಟೋರಿನಿಂದ ಒಂದು ಎಳೆ ಹತ್ತಿಯೂ ಹೊರಗೆ ಹೋಗದಂತೆ ನೋಡಿಕೊಂಡವನು ನಾನು. ಅಂಥವನು ಹಾಡುಹಗಲಲ್ಲಿ, ಬಿಗಿಯಾಗಿ ಅಂಟುಪಟ್ಟಿ ಸುತ್ತಿದ ತಟ್ಟೆ ಒಂದು, ಶೀಷೆಗೆ ಅಂಟಿಸುವ ಖಾಲಿ ಚೀಟಿ ಒಂದು, ಗ್ಲೌಸಿನ ತುಂಬಿದ ಡಬ್ಬಿ ಒಂದು, ಇಷ್ಟನ್ನೂ ಊಟದ ಚೀಲದಲ್ಲಿಟ್ಟುಕೊಂಡು ವಾಚ್‌ಮನ್ನಿನ ಮುಂದೆಯೇ ನಡೆದುಬಂದೆ. ಇನ್ಸ್‌ಪೆಕ್ಟರ ಕಾಗದ ಅಂಟಿಸಿದ ಬಾಗಿಲು ತಳ್ಳಿ ಒಳಗೆ ಹೋದೆ. ಆಯ್ತಪ್ಪ ತಟ್ಟೆಯನ್ನು ಮುಚ್ಚಳ ತೆಗೆಯದೆ ಕಿಟಕಿಯ ಬೆಳಕಿಗೆ ಹಿಡಿದ.

ಮಾವ ಕನ್ನಡಕ ಹಾಕಿಸಿಕೊಂಡರು. ಗೆರೆಗೆರೆಯಾಗಿ ಎದ್ದಿದ್ದ ಕೆನೆ ಬಣ್ಣದ ಚುಕ್ಕಿಗಳನ್ನು ತುಂಬಾ ಹೊತ್ತು ನೋಡಿದರು.

"ಈ ಗೆರೆ ಎಳೆದಿದ್ದು ಯಾರು?"

"ನಾನೇ ಮಾವ."

"ಒಂದೂ ನೆಟ್ಟಗಿಲ್ಲ," ಎಂದರು. ಆಮೇಲೆ ಮೆಲ್ಲಗೆ, "ಬಣ್ಣ ಸರಿಯಾಗಿ ಹೇಳಿದ್ರಿ. ಹೊಳಪೂ ಇದೆ," ಎಂದರು.

ಚೀಟಿ ಉಗುರಿನಷ್ಟಿತ್ತು. ಅವರ ಕೈ ಜ್ವರಕ್ಕೆ ನಡುಗುತ್ತಿತ್ತು. ಆಯ್ತಪ್ಪ ಹೊಸ ಗ್ಲೌಸು ಹಾಕಿಕೊಂಡು ಅವರ ಮಣಿಕಟ್ಟನ್ನು ಹಿಡಿದುಕೊಂಡ. ಅತಿ ಸಣ್ಣ ಕುಂಚದಲ್ಲಿ, ಅರ್ಧ ಗಂಟೆ ಹಿಡಿದು, ಅವರು ತಮ್ಮ ಹೆಸರು ಬರೆದರು. ಅದರ ತುದಿಗೆ ಮೇಡಂ ಹೇಳಿಕೊಟ್ಟಿದ್ದ ಬಾಲವನ್ನೂ ಬರೆದರು. ಕುಂಚ ಕೆಳಗಿಟ್ಟು ಅಳಿಯನ ಕಡೆ ಕೈ ಚಾಚಿ, "ಚುಚ್ಚಿ," ಎಂದರು.

ಆಯ್ತಪ್ಪ ಡಾಕ್ಟರನ್ನು ಕರೆತಂದು ಚುಚ್ಚಿಸಿದ. ಐದು ದಿನ ಮೊದಲಾಗಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೇ ನಿಲ್ಲಿಸಿದರು. ಮಾವ ನಾಲ್ಕನೆಯ ದಿನ ಬೆಳಗ್ಗೆ, ಆಯ್ತಪ್ಪ ಬಟ್ಟೆ ಬದಲಾಯಿಸುತ್ತಿದ್ದಾಗಲೇ ಹೋದರು. ಅವನು ಕಟ್ಟುವುದನ್ನು ನಿಲ್ಲಿಸಲಿಲ್ಲ. ಗಂಟು ಹಾಕಿ ಮುಗಿಸಿ, ಗ್ಲೌಸು ಬಿಚ್ಚಿ, ಆಮೇಲೆ ಹೆಂಡತಿಯನ್ನು ಕರೆದ.

ಸಾವನ್ನು ದಾಖಲು ಮಾಡಿಸಲು ನಾನೂ ಅವನ ಜೊತೆ ಹೋದೆ. ಕಚೇರಿಯಲ್ಲಿ ಕೂತಿದ್ದವರು ಅದೇ ಹೆಲ್ತ್ ಇನ್ಸ್‌ಪೆಕ್ಟರು. ಡಾಕ್ಟರು ಬರೆದುಕೊಟ್ಟ ಕಾಗದವನ್ನು ಎರಡು ಸಲ ಓದಿದರು.

"ಏನ್ರೀ ಇದು? ಸತ್ತವರ ಹೆಸರು ಅನ್ನೋ ಕಡೆ ಇವರ ಹೆಸರು. ಸರಿ. ಸಾವಿನ ಕಾರಣ ಅನ್ನೋ ಕಡೆಯೂ ಇವರದೇ ಹೆಸರು, ಒಂದು ಬಾಲ ಬೇರೆ ಇದೆ."

"ಬ್ಯಾಕ್ಟೀರಿಯಾ ಹೆಸರು ಸಾರ್ ಅದು," ಅಂದೆ ನಾನು.

"ಯಾವ ಪಟ್ಟಿಯಲ್ಲೂ ಇಲ್ವಲ್ಲ."

"ಹೊಸದು ಸಾರ್."

"ಸತ್ತವರೇ ಸಾವಿಗೆ ಕಾರಣ ಅಂದ್ರೆ ಆತ್ಮಹತ್ಯೆ ಆಗುತ್ತೆ. ಪೊಲೀಸಿಗೆ ಬರೀಬೇಕು, ಮೂರು ತಿಂಗಳು ಓಡಾಡ್ತೀರಿ. ಕಾರಣದ ಕಡೆ ಅದನ್ನ ಹೊಡೆದು, ವಯಸ್ಸಾಗಿತ್ತು ಅಂತ ಬರೆಸ್ಕೊಂಡು ಬನ್ನಿ. ಈಗಲೇ ಸೀಲ್ ಹಾಕಿ ಕೊಡ್ತೀನಿ."

ನಾನು ಕಾಗದ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಅವನು ಏನನ್ನುತ್ತಾನೆಂದು ನನಗೆ ಗೊತ್ತಿತ್ತಲ್ಲ.

"ಆಗಲ್ಲ," ಅಂದ ಆಯ್ತಪ್ಪ.

ಇನ್ಸ್‌ಪೆಕ್ಟರು ತಲೆ ಎತ್ತಿದರು. ನಾನೂ ತಿರುಗಿ ನೋಡಿದೆ.

"ಅವರ ಹೆಸರು ಹೊಡೆಯೋಕಾಗಲ್ಲ ಸಾರ್. ಎರಡು ಕಡೆಯೂ ಇರಲಿ. ಕಾರಣ ಅಂತ ಇನ್ನೊಂದು ಹೆಸರು ಬೇಕೇ ಬೇಕು ಅಂದ್ರೆ ನಂದು ಬರ್ಕೊಳ್ಳಿ. ಹಕ್ಕಿ ಅಂತ ಹೇಳಿದ್ದು ನಾನು."

"ಹಾಗಾದ್ರೆ ನಂದೂ ಬರ್ಕೊಳ್ಳಿ ಸಾರ್," ಅಂದೆ. "ಗ್ಲೌಸು ಕೊಡದೆ ಇದ್ದದ್ದು ನಾನು."

ಇನ್ಸ್‌ಪೆಕ್ಟರು ನಮ್ಮಿಬ್ಬರನ್ನೂ ನೋಡಿದರು, ಕಾಗದವನ್ನು ನೋಡಿದರು, ಹಿಂದೆ ನಿಂತಿದ್ದ ಸಾಲನ್ನು ನೋಡಿದರು.

"ಇರೋದು ಒಂದೇ ಗೆರೆ ಜಾಗ," ಎಂದರು. "ಅಷ್ಟೊಂದು ಹೆಸರು ಹಿಡಿಯಲ್ಲ."

ಇದ್ದ ಹಾಗೇ ಸೀಲು ಹಾಕಿ ಕೊಟ್ಟರು.